ಪ್ರೋಗ್ರಾಂ ಕೈಕೊಟ್ಟಾಗ: ತಪ್ಪು ಕೋಡ್‌ನಲ್ಲೋ, ಕಂಪ್ಯೂಟರ್‌ನಲ್ಲೋ?

ಮುಂಗಾರು ಹಿಡಿಯಿತು ಎಂದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯಿಂದ ಒಂದೇ ಬಗೆಯ ದೂರು ಬರಲು ಶುರುವಾಗುತ್ತದೆ. ನಿನ್ನೆವರೆಗೂ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಂ ಇವತ್ತು ನಡುವೆಯೇ ನಿಂತುಹೋಗುತ್ತದೆ. ಇಲ್ಲವೇ ಕಂಪೈಲ್ ಮಾಡುವಾಗ ಕಂಪೈಲರ್ರೇ ಕೈಕೊಡುತ್ತದೆ. ರಾತ್ರಿಯಿಡೀ ಕರೆಂಟ್ ಹೋಗಿ ಬಂದು ಮಾಡಿರುತ್ತದೆ, ಗುಡುಗು ಸಿಡಿಲು ಬೇರೆ. ಹಾಗಾಗಿ ರ‍್ಯಾಮ್ ಹೋಗಿದೆ ಎಂದು ಮನೆಯಲ್ಲೇ ತೀರ್ಮಾನ ಆಗಿರುತ್ತದೆ.

ಹೆಚ್ಚಿನ ಸಲ ತಪ್ಪು ಕೋಡ್‌ನಲ್ಲೇ ಇರುತ್ತದೆ. ಆದರೆ ಯಾವಾಗಲೂ ಅಲ್ಲ. ಎರಡನ್ನೂ ಬೇರೆ ಮಾಡಿ ನೋಡದೆ ಕೈ ಹಾಕಿದರೆ ಎರಡು ಕಡೆಯೂ ನಷ್ಟ. ಸರಿ ಇದ್ದ ರ‍್ಯಾಮ್ ಕಿತ್ತು ಹೊಸದಕ್ಕೆ ದುಡ್ಡು ಸುರಿದವರನ್ನು ನೋಡಿದ್ದೇನೆ. ಸರಿ ಇದ್ದ ಕೋಡನ್ನು ವಾರಗಟ್ಟಲೆ ಕೆದಕಿ, ನನಗೆ ಪ್ರೋಗ್ರಾಮಿಂಗ್ ಬರುವುದೇ ಇಲ್ಲ ಎಂದು ಕೈಚೆಲ್ಲಿದ ಹುಡುಗರನ್ನೂ ನೋಡಿದ್ದೇನೆ. ನನಗೆ ಜಾಸ್ತಿ ಸಂಕಟ ಆಗುವುದು ಈ ಎರಡನೆಯವರನ್ನು ಕಂಡಾಗ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಲಿನಕ್ಸ್‌ನಲ್ಲಿ ಸಿ, ಸಿ ಪ್ಲಸ್ ಪ್ಲಸ್ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಮೊದಲು ಸಂಖ್ಯೆ ನೋಡಿ

ಪ್ರೋಗ್ರಾಂ ನಿಂತ ಕೂಡಲೇ ಟರ್ಮಿನಲ್‌ನಲ್ಲಿ ಎಕೋ ಕಮಾಂಡಿಗೆ $? ಕೊಡಿ. ಒಂದು ಸಂಖ್ಯೆ ಬರುತ್ತದೆ. ಅದು 128ಕ್ಕಿಂತ ಹೆಚ್ಚಿದ್ದರೆ ಅದರಿಂದ 128 ಕಳೆಯಿರಿ. ಸಾಮಾನ್ಯವಾಗಿ, ಉಳಿದದ್ದು ಆ ಪ್ರೋಗ್ರಾಮನ್ನು ನಿಲ್ಲಿಸಿದ ಸಿಗ್ನಲ್‌ನ ಸಂಖ್ಯೆ. 139 ಬಂದರೆ ಸಿಗ್ನಲ್ 11, ಅಂದರೆ ಸೆಗ್ಮೆಂಟೇಶನ್ ಫಾಲ್ಟ್. ತನ್ನದಲ್ಲದ ಮೆಮೊರಿಗೆ ಪ್ರೋಗ್ರಾಂ ಕೈ ಹಾಕಿದೆ. 134 ಎಂದರೆ ಸಿಗ್ನಲ್ 6, ಪ್ರೋಗ್ರಾಂ ತಾನೇ ಅಬಾರ್ಟ್ ಹೇಳಿಕೊಂಡು ನಿಂತಿದೆ. ಒಂದೇ ಮೆಮೊರಿಯನ್ನು ಎರಡು ಸಲ ಫ್ರೀ ಮಾಡಿದಾಗ, ಅಸರ್ಟ್ ಸುಳ್ಳಾದಾಗ ಇದು ಬರುತ್ತದೆ. 136 ಬಂದರೆ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದ್ದೀರಾ ನೋಡಿ. ಈ ಎರಡಕ್ಕೂ ಕ್ಯಾಬಿನೆಟ್ ಬಿಚ್ಚುವ ಮೊದಲು ಕೋಡ್ ತೆಗೆಯಿರಿ.

137 ಬಂದರೆ ಸಿಗ್ನಲ್ 9. ಯಾರೋ ಪ್ರೋಗ್ರಾಮನ್ನು ಹೊರಗಿನಿಂದ ಕೊಂದಿದ್ದಾರೆ. ಕಡಿಮೆ ರ‍್ಯಾಮ್ ಇರುವ ಹಳೆಯ ಕಂಪ್ಯೂಟರ್‌ಗಳಲ್ಲಿ ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ ಇದು ತೀರಾ ಮಾಮೂಲಿ. ಮೆಮೊರಿ ಖಾಲಿಯಾದಾಗ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಒಂದು ದೊಡ್ಡ ಪ್ರಕ್ರಿಯೆಯನ್ನು ಆರಿಸಿ ಮುಗಿಸುತ್ತದೆ. ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ ಕಮಾಂಡ್ ಕೊಟ್ಟರೆ ಔಟ್ ಆಫ್ ಮೆಮೊರಿ ಎಂಬ ಸಾಲು ಕಾಣುತ್ತದೆ. ಇಲ್ಲಿ ರ‍್ಯಾಮ್ ಕೆಟ್ಟಿಲ್ಲ, ಸಾಲುತ್ತಿಲ್ಲ ಅಷ್ಟೇ. ಮೇಕ್‌ಗೆ ಕೊಟ್ಟ ಜೆ ಸಂಖ್ಯೆ (ಒಟ್ಟಿಗೆ ಎಷ್ಟು ಕಂಪೈಲ್ ನಡೆಯಬೇಕು ಎಂಬುದು) ಕಡಿಮೆ ಮಾಡಿ, ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಸ್ವಲ್ಪ ಹೆಚ್ಚಿಸಿ, ಕೆಲಸ ಆಗುತ್ತದೆ.

132 ಎಂದರೆ ಪ್ರೊಸೆಸರ್‌ಗೆ ಗೊತ್ತಿಲ್ಲದ ಆದೇಶ. ಕಾಲೇಜಿನ ಲ್ಯಾಬ್‌ನಲ್ಲಿ ಹೊಸ ಕಂಪ್ಯೂಟರ್ ಮೇಲೆ ಆ ಪ್ರೊಸೆಸರ್‌ಗೇ ಹೊಂದಿಸುವ ಮಾರ್ಚ್ ನೇಟಿವ್ ಆಪ್ಷನ್ ಹಾಕಿ ಕಂಪೈಲ್ ಮಾಡಿ, ಅದೇ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದು ಹಳೆಯ ಕಂಪ್ಯೂಟರ್‌ನಲ್ಲಿ ಓಡಿಸಿದರೆ ಹೀಗಾಗುತ್ತದೆ. ಎವಿಎಕ್ಸ್2 ಆದೇಶಗಳು ಹಳೆಯ ಪ್ರೊಸೆಸರ್‌ಗಳಲ್ಲಿ ಇಲ್ಲ. ಮನೆಯ ಕಂಪ್ಯೂಟರ್ ಹಾಳಾಗಿಲ್ಲ. ಆ ಆಪ್ಷನ್ ತೆಗೆದು ಮತ್ತೆ ಕಂಪೈಲ್ ಮಾಡಿ.

135, ಅಂದರೆ ಬಸ್ ಎರರ್, ಅಪರೂಪ. ಇದು ಬಂದರೆ ಡಿಸ್ಕ್ ಕಡೆಗೂ ಒಂದು ಕಣ್ಣಿಡಿ. ಪ್ರೋಗ್ರಾಂನ ಒಂದು ಪುಟವನ್ನು ಡಿಸ್ಕ್‌ನಿಂದ ಓದಲು ಆಗದಿದ್ದಾಗಲೂ ಇದೇ ಸಂಖ್ಯೆ ಬರುತ್ತದೆ.

ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ?

ಇದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಪ್ರತಿ ಸಲವೂ ಒಂದೇ ಸಾಲಿನಲ್ಲಿ ನಿಂತರೆ ಕೋಡ್‌ನ ತಪ್ಪು, ಒಮ್ಮೆ ಒಂದು ಕಡೆ ಇನ್ನೊಮ್ಮೆ ಇನ್ನೊಂದು ಕಡೆ ನಿಂತರೆ ಹಾರ್ಡ್‌ವೇರ್ ತಪ್ಪು ಎನ್ನುತ್ತಾರೆ. ಕಂಪೈಲರ್ ಬೀಳುವಾಗ ಈ ಮಾತು ಬಹಳ ಮಟ್ಟಿಗೆ ನಿಜ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಕಂಪೈಲರ್ ಜಿಸಿಸಿಯಲ್ಲೇ ಇಂಥ ಏರ್ಪಾಡು ಇದೆ. ಇಂಟರ್ನಲ್ ಕಂಪೈಲರ್ ಎರರ್ ಬಂದಾಗ ಹಲವು ಲಿನಕ್ಸ್ ವಿತರಣೆಗಳ ಜಿಸಿಸಿ ಅದೇ ಫೈಲನ್ನು ಮತ್ತೆ ಕಂಪೈಲ್ ಮಾಡಿ ನೋಡುತ್ತದೆ. ಮತ್ತೆ ಹಾಗೇ ಆಗದಿದ್ದರೆ ಇದು ಹಾರ್ಡ್‌ವೇರ್ ಅಥವಾ ಆಪರೇಟಿಂಗ್ ಸಿಸ್ಟಂ ತೊಂದರೆ ಇರಬಹುದು ಎಂದು ತಾನೇ ಹೇಳುತ್ತದೆ. ಆ ಸಾಲು ಕಂಡರೆ ಅದನ್ನು ನಂಬಿ.

ಆದರೆ ನೀವೇ ಬರೆದ ಪ್ರೋಗ್ರಾಂ ವಿಷಯದಲ್ಲಿ ಇದನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಬೆಲೆ ಕೊಡದೆ ಬಿಟ್ಟ ವೇರಿಯಬಲ್ ಒಂದಿದ್ದರೆ ಸಾಕು, ಪ್ರೋಗ್ರಾಂ ದಿನಕ್ಕೊಂದು ರೀತಿ ಆಡುತ್ತದೆ. ಎರಡು ಥ್ರೆಡ್‌ಗಳು ಲಾಕ್ ಇಲ್ಲದೆ ಒಂದೇ ಡೇಟಾ ಮುಟ್ಟಿದರೂ ಹಾಗೇ. ಲಿನಕ್ಸ್ ಪ್ರತಿ ಸಲ ಪ್ರೋಗ್ರಾಮನ್ನು ಬೇರೆ ಬೇರೆ ವಿಳಾಸದಲ್ಲಿ ಕೂರಿಸುವುದರಿಂದ, ಒಂದೇ ತಪ್ಪು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಸೆಟ್‌ಆರ್ಚ್ ಕಮಾಂಡಿನ ದೊಡ್ಡ ಆರ್ ಆಪ್ಷನ್ ಕೊಟ್ಟು ಓಡಿಸಿದರೆ ಈ ವಿಳಾಸ ಬದಲಾವಣೆ ನಿಲ್ಲುತ್ತದೆ. ಆಗ ತಪ್ಪು ಒಂದೇ ಜಾಗಕ್ಕೆ ಬಂದು ನಿಂತರೆ ಅದು ಸಾಫ್ಟ್‌ವೇರ್ ತಪ್ಪು ಎನ್ನಲು ಒಳ್ಳೆಯ ಕಾರಣ ಸಿಕ್ಕಿತು.

ಮೇಕ್‌ಫೈಲ್‌ನಲ್ಲಿ ಒಂದು ಅವಲಂಬನೆ ಬರೆಯಲು ಮರೆತಿದ್ದರೂ ಇದೇ ಗೊಂದಲ. ಜೆ 8 ಕೊಟ್ಟಾಗ ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಜೆ 1 ಕೊಟ್ಟಾಗ ಯಾವಾಗಲೂ ಆಗುತ್ತದೆ. ಇಲ್ಲಿ ಸಂದೇಶ ನೋಡಿ. ಫೈಲ್ ಸಿಗಲಿಲ್ಲ ಎಂದಿದ್ದರೆ ಮೇಕ್‌ಫೈಲ್ ತೆಗೆಯಿರಿ. ಕಂಪೈಲರ್ರೇ ಸೆಗ್ಮೆಂಟೇಶನ್ ಫಾಲ್ಟ್ ಕೊಟ್ಟಿದ್ದರೆ ಮಾತ್ರ ಯಂತ್ರದ ಕಡೆ ಅನುಮಾನ ಇಡಿ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಕೆಟ್ಟ ರ‍್ಯಾಮ್ ಪ್ರತಿ ಸಲವೂ ಒಂದೇ ತಪ್ಪು ತೋರಿಸಬಹುದು. ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರ ವಿದ್ಯಾರ್ಥಿನಿಯ ಕಂಪ್ಯೂಟರ್‌ನಲ್ಲಿ ಕಂಡದ್ದು ಇದು. ಅವಳ ಕೋಡ್‌ನಲ್ಲಿ ಕೌಂಟ್ ಎಂಬ ವೇರಿಯಬಲ್ ಇತ್ತು. ಕಂಪೈಲರ್ ಮಾತ್ರ ಒಂದು ಸಾಲು ತೋರಿಸಿ, ಇಂಥ ಹೆಸರನ್ನು ಎಲ್ಲೂ ಘೋಷಿಸಿಲ್ಲ ಎನ್ನುತ್ತಿತ್ತು. ಆ ಹೆಸರಿನ ಮೊದಲ ಅಕ್ಷರ ಸಿ ಇರಬೇಕಾದ ಕಡೆ ಜಿ ಇತ್ತು. "ಸರ್, ನಾನು ಆ ಫೈಲ್ ಮುಟ್ಟೇ ಇಲ್ಲ. ಸುಮ್ನೆ ಮತ್ತೆ ಕಂಪೈಲ್ ಮಾಡಿದೆ ಅಷ್ಟೇ" ಎಂದಳು. ಎಡಿಟರ್‌ನಲ್ಲಿ ತೆರೆದರೂ ಜಿ ಎಂದೇ ಕಾಣುತ್ತಿತ್ತು. ಎಷ್ಟು ಸಲ ಕಂಪೈಲ್ ಮಾಡಿದರೂ ಅದೇ ಸಾಲು, ಅದೇ ಅಕ್ಷರ. ಮೇಲಿನ ನಿಯಮದ ಪ್ರಕಾರ ಇದು ಟೈಪಿಂಗ್ ತಪ್ಪು.

ಪೆನ್‌ಡ್ರೈವ್‌ನಲ್ಲಿ ಅದೇ ಫೈಲಿನ ಪ್ರತಿ ಇತ್ತು. ಎರಡನ್ನೂ ಸಿಎಂಪಿ ಕಮಾಂಡಿಗೆ ಎಲ್ ಆಪ್ಷನ್ ಜೊತೆ ಕೊಟ್ಟಾಗ ಇಡೀ ಫೈಲಿನಲ್ಲಿ ಒಂದೇ ಒಂದು ಬೈಟ್ ವ್ಯತ್ಯಾಸ ಬಂತು. ಒಂದು ಕಡೆ 143, ಇನ್ನೊಂದು ಕಡೆ 147. ಆ ಕಮಾಂಡ್ ಆಕ್ಟಲ್‌ನಲ್ಲಿ ತೋರಿಸುತ್ತದೆ. ಬೈನರಿಗೆ ಇಳಿಸಿದರೆ ಸಿ ಅಕ್ಷರ 01100011, ಜಿ ಅಕ್ಷರ 01100111. ಒಂದೇ ಒಂದು ಬಿಟ್ 0 ಇದ್ದದ್ದು 1 ಆಗಿದೆ. ಕೀಬೋರ್ಡ್‌ನಲ್ಲಿ ಕೈ ತಪ್ಪಿದರೂ ಹೀಗಾಗಬಹುದು, ನಿಜ. ಆದರೆ ಫೈಲ್ ಸೇವ್ ಮಾಡದೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದಾಗ ಅದೇ ಫೈಲಿನಲ್ಲಿ ಸಿ ವಾಪಸ್ ಬಂದಿತ್ತು.

ಡಿಸ್ಕ್‌ನಲ್ಲಿದ್ದ ಫೈಲ್ ಮೊದಲಿಂದಲೂ ಸರಿಯೇ ಇತ್ತು. ಲಿನಕ್ಸ್ ಒಮ್ಮೆ ಓದಿದ ಫೈಲನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಪೇಜ್ ಕ್ಯಾಶ್ ಎನ್ನುತ್ತಾರೆ. ಆ ಪುಟ ಕೂತದ್ದು ರ‍್ಯಾಮ್‌ನ ಕೆಟ್ಟ ಜಾಗದ ಮೇಲೆ. ಎಡಿಟರ್, ಕಂಪೈಲರ್ ಎರಡೂ ಡಿಸ್ಕ್ ಮುಟ್ಟದೆ ಆ ಪುಟವನ್ನೇ ಓದುತ್ತಿದ್ದವು. ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ಬಿಟ್ಟಾಗ ಕೆಂಪು ಸಾಲುಗಳು ಬಂದವು. ಬರೆದದ್ದಕ್ಕೂ ಓದಿದ್ದಕ್ಕೂ ಅಲ್ಲೂ ಒಂದೇ ಬಿಟ್ ವ್ಯತ್ಯಾಸ. ಅವಳ ಕೋಡ್‌ನಲ್ಲಿ ಏನೂ ತಪ್ಪಿರಲಿಲ್ಲ.

ಹಾಗಾಗಿ ನಂಬಲಾಗದ ತಪ್ಪು ಕಂಡಾಗ, ಏನನ್ನೂ ಸೇವ್ ಮಾಡುವ ಮೊದಲು ಫೈಲಿನ ಶಾ256 ಮೊತ್ತ (ಒಂದು ಬಿಟ್ ಬದಲಾದರೂ ಬದಲಾಗುವ, ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಬರೆದಿಡಿ. ರೀಸ್ಟಾರ್ಟ್ ಮಾಡಿ ಮತ್ತೆ ತೆಗೆಯಿರಿ. ಯಾರೂ ಮುಟ್ಟದ ಫೈಲಿನ ಮೊತ್ತ ಬದಲಾಗಿದ್ದರೆ ಕೋಡ್ ಓದುವುದನ್ನು ಅಲ್ಲಿಗೇ ನಿಲ್ಲಿಸಿ.

ಎರಡು ಕಂಪ್ಯೂಟರ್, ಒಂದು ಫೈಲ್

ನನಗೆ ಅತ್ಯಂತ ನಂಬಿಕೆ ಇರುವ ಪರೀಕ್ಷೆ ಇದು. ಖರ್ಚೂ ಇಲ್ಲ. ಒಂದೇ ಸೋರ್ಸ್ ಫೈಲನ್ನು, ಅದೇ ಫೋಲ್ಡರ್‌ನಲ್ಲಿ, ಅದೇ ಆಪ್ಷನ್ ಕೊಟ್ಟು ಮತ್ತೆ ಮತ್ತೆ ಆಬ್ಜೆಕ್ಟ್ ಫೈಲ್ ಆಗಿ ಕಂಪೈಲ್ ಮಾಡಿ. ಪ್ರತಿ ಸಲ ಶಾ256 ಮೊತ್ತ ತೆಗೆಯಿರಿ. ಕೋಡ್ ಒಳಗೆ ಕಂಪೈಲ್ ಆದ ದಿನಾಂಕ, ಸಮಯ ಸೇರಿಸುವ ಮ್ಯಾಕ್ರೋ ಇಲ್ಲದಿದ್ದರೆ ಪ್ರತಿ ಸಲವೂ ಒಂದೇ ಮೊತ್ತ ಬರಬೇಕು. ಸಿಕ್ಯಾಶ್ ಹಾಕಿಕೊಂಡಿದ್ದರೆ ಮೊದಲು ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಹಳೆಯ ಫಲಿತಾಂಶವೇ ಬರುತ್ತಿರುತ್ತದೆ. ಮೊತ್ತ ಒಮ್ಮೆಯಾದರೂ ಬೇರೆ ಬಂದರೆ ನಿಮ್ಮ ಕೋಡ್‌ನ ತರ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೋಡ್ ಎಷ್ಟೇ ತಪ್ಪಿರಲಿ, ಅದನ್ನು ಕಂಪೈಲ್ ಮಾಡಿದ ಫಲಿತಾಂಶ ಒಂದೇ ಇರಬೇಕು.

ಆಮೇಲೆ ಗೆಳೆಯರ ಕಂಪ್ಯೂಟರ್ ಒಂದನ್ನು ಹಿಡಿಯಿರಿ. ಸಾಧ್ಯವಾದರೆ ಬೇರೆ ಮಾದರಿಯ ಪ್ರೊಸೆಸರ್ ಇರುವುದು. ಲಿನಕ್ಸ್ ಆವೃತ್ತಿ, ಜಿಸಿಸಿ ಆವೃತ್ತಿ ಒಂದೇ ಇರಲಿ. ನಿಮ್ಮಲ್ಲಿ ತಯಾರಾದ ಪ್ರೋಗ್ರಾಮನ್ನು ಅಲ್ಲಿ ಓಡಿಸಿ. ಅಲ್ಲಿ ತಯಾರಾದದ್ದನ್ನು ನಿಮ್ಮಲ್ಲಿ ಓಡಿಸಿ. ಎರಡೂ ಪ್ರತಿಗಳು ಎರಡೂ ಕಡೆ ಬಿದ್ದರೆ ತಪ್ಪು ಕೋಡ್‌ನದ್ದು, ರ‍್ಯಾಮ್ ವಿಚಾರ ಬಿಟ್ಟುಬಿಡಿ. ನಿಮ್ಮಲ್ಲಿ ತಯಾರಾದ ಪ್ರತಿ ಎರಡೂ ಕಡೆ ಬಿದ್ದು, ಅಲ್ಲಿನ ಪ್ರತಿ ಎರಡೂ ಕಡೆ ಓಡಿದರೆ ನಿಮ್ಮ ಕಂಪ್ಯೂಟರ್ ಕಂಪೈಲ್ ಮಾಡುವಾಗಲೇ ಕೆಡಿಸಿದೆ. ಎರಡೂ ಪ್ರತಿಗಳು ನಿಮ್ಮಲ್ಲಿ ಮಾತ್ರ ಬಿದ್ದರೆ ಓಡಿಸುವ ಜಾಗದಲ್ಲಿ ತೊಂದರೆ. ಅದು ರ‍್ಯಾಮ್ ಇರಬಹುದು, ಲೈಬ್ರರಿ ಫೈಲ್ ಇರಬಹುದು, ಅಥವಾ ನಿಮ್ಮಲ್ಲಿ ಮಾತ್ರ ಹೊರಗೆ ಬರುವ ಕೋಡ್ ತಪ್ಪೂ ಇರಬಹುದು. ಈ ಕೊನೆಯದನ್ನು ಬಗೆಹರಿಸಲು ಮುಂದಿನ ಕೆಲಸ.

ಕೋಡ್ ಕಡೆಯ ತಪಾಸಣೆ

ಡಿಮೆಸ್ಗ್‌ನಲ್ಲಿ ಸೆಗ್ಮೆಂಟೇಶನ್ ಫಾಲ್ಟ್‌ನ ಸಾಲು ಹುಡುಕಿ. ಯಾವ ವಿಳಾಸ ಮುಟ್ಟಲು ಹೋಗಿ ಬಿತ್ತು ಎಂದು ಅದರಲ್ಲಿದೆ. ವಿಳಾಸ 0 ಇದ್ದರೆ, ಅಥವಾ 8, 10, 18ರಂಥ ಸಣ್ಣ ಸಂಖ್ಯೆ ಇದ್ದರೆ ನಲ್ ಪಾಯಿಂಟರ್ ಹಿಡಿದು ಸ್ಟ್ರಕ್ಟ್‌ನ ಒಳಗೆ ಇಣುಕಿದ್ದೀರಿ. ಬಹುಪಾಲು ಕೋಡ್ ತಪ್ಪೇ. ಅದೇ ಸಾಲಿನಲ್ಲಿ ಎರರ್ ಎಂದು ಒಂದು ಸಂಖ್ಯೆ ಇರುತ್ತದೆ. 4 ಎಂದರೆ ಇಲ್ಲದ ಜಾಗವನ್ನು ಓದಲು ಹೋಗಿದೆ. 6 ಎಂದರೆ ಇಲ್ಲದ ಜಾಗಕ್ಕೆ ಬರೆಯಲು ಹೋಗಿದೆ. 7 ಎಂದರೆ ಜಾಗ ಇದೆ, ಆದರೆ ಬರೆಯಲು ಅನುಮತಿ ಇಲ್ಲ. ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗನ್ನು ನೇರವಾಗಿ ತಿದ್ದಲು ಹೋದರೆ 7 ಬರುತ್ತದೆ. ಹೊಸ ಕರ್ನೆಲ್‌ಗಳು ಯಾವ ಸಿಪಿಯು ಕೋರ್ ಮೇಲೆ ಬಿದ್ದಿರಬಹುದು ಎಂದೂ ಬರೆಯುತ್ತವೆ. ಬೇರೆ ಬೇರೆ ಪ್ರೋಗ್ರಾಂಗಳು ಯಾವಾಗಲೂ ಒಂದೇ ಕೋರ್ ಮೇಲೆ ಬೀಳುತ್ತಿದ್ದರೆ ಅದು ದೊಡ್ಡ ಸುಳಿವು.

ಫಂಕ್ಷನ್ ಒಳಗೆ ದೊಡ್ಡ ಅರೇ ಇಟ್ಟವರು ಸ್ಟ್ಯಾಕ್ ನೋಡಿಕೊಳ್ಳಿ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 8 ಎಂಬಿ. 30 ಲಕ್ಷ ಇಂಟ್‌ಗಳ ಅರೇಗೆ 12 ಎಂಬಿ ಬೇಕು. ಬೀಳದೆ ಇನ್ನೇನು?

ಇನ್ನು ಮುಖ್ಯವಾದದ್ದು. ಜಿಸಿಸಿಗೆ ಎಫ್‌ಸ್ಯಾನಿಟೈಜ್ ಆಪ್ಷನ್ ಮೂಲಕ ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಎರಡನ್ನೂ ಕೊಟ್ಟು, ಜಿ ಆಪ್ಷನ್ ಸೇರಿಸಿ ಕಂಪೈಲ್ ಮಾಡಿ. ಅರೇ ಆಚೆ ಬರೆದಿದ್ದರೆ, ಫ್ರೀ ಮಾಡಿದ ಮೆಮೊರಿ ಬಳಸಿದ್ದರೆ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಬೆಲೆ ಕೊಡದ ವೇರಿಯಬಲ್ ಇದಕ್ಕೆ ಸಿಗುವುದಿಲ್ಲ, ಅದಕ್ಕೆ ವ್ಯಾಲ್‌ಗ್ರಿಂಡ್ ಬೇಕು. ಅದು ತುಂಬ ನಿಧಾನ, ತಾಳ್ಮೆ ಇರಲಿ. ಥ್ರೆಡ್ ಬಳಸಿದ್ದರೆ ಥ್ರೆಡ್ ಸ್ಯಾನಿಟೈಜರ್ ಪ್ರತ್ಯೇಕವಾಗಿ ಹಾಕಿ.

ಕೋಡ್ ವೇಗವಾಗಿ ಓಡುವಂತೆ ಮಾಡುವ ಓ2 ಆಪ್ಷನ್ ಕೊಟ್ಟಾಗ ಮಾತ್ರ ಬೀಳುತ್ತದೆ, ಹಾಗೆ ಮಾಡದ ಓ0ಯಲ್ಲಿ ಸರಿ ಇದೆ, ಹಾಗಾಗಿ ಕಂಪೈಲರ್ ತಪ್ಪು ಎಂದು ತುಂಬ ಜನ ಹೇಳುತ್ತಾರೆ. ಕಂಪೈಲರ್‌ನಲ್ಲೂ ತಪ್ಪು ಇರುತ್ತದೆ, ಆದರೆ ತೀರಾ ಕಡಿಮೆ. ನಿಮ್ಮ ಕೋಡ್ ಭಾಷೆಯ ನಿಯಮ ಮೀರಿದ್ದು ಓ0ಯಲ್ಲಿ ಮುಚ್ಚಿಹೋಗಿತ್ತು, ಓ2ನಲ್ಲಿ ಹೊರಗೆ ಬಂತು. ಹತ್ತರಲ್ಲಿ ಒಂಬತ್ತು ಸಲ ಹೀಗೇ.

ಇಷ್ಟೂ ಪರೀಕ್ಷೆ ಸ್ವಚ್ಛವಾಗಿ ದಾಟಿದ ಪ್ರೋಗ್ರಾಂ ಇನ್ನೂ ಬೀಳುತ್ತಿದೆ, ಜೊತೆಗೆ ನೀವು ಬರೆಯದ ಬ್ರೌಸರ್, ಅನ್‌ಜಿಪ್‌ನಂಥವೂ ಆಗಾಗ ಬೀಳುತ್ತಿವೆ. ಈಗ ಸ್ಕ್ರೂಡ್ರೈವರ್ ತೆಗೆಯಬಹುದು.

ಯಂತ್ರದ ಕಡೆಯ ತಪಾಸಣೆ

ಬಿಚ್ಚುವ ಮೊದಲು ಡಿಮೆಸ್ಗ್‌ನಲ್ಲಿ ಹಾರ್ಡ್‌ವೇರ್ ಎರರ್, ಮಶೀನ್ ಚೆಕ್ ಎಂಬ ಮಾತುಗಳಿವೆಯೇ ಹುಡುಕಿ. ಪ್ರೊಸೆಸರ್ ತಾನೇ ಒಪ್ಪಿಕೊಂಡ ತಪ್ಪುಗಳು ಅವು. ಆದರೆ ನಮ್ಮ ಮನೆಗಳ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಬಿಟ್ ತಪ್ಪನ್ನು ತಾನೇ ಹಿಡಿಯುವ ಇಸಿಸಿ ರ‍್ಯಾಮ್ ಇರುವುದಿಲ್ಲ. ಬಿಟ್ ಬದಲಾದರೂ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಲಾಗ್ ಖಾಲಿ ಇದ್ದರೆ ರ‍್ಯಾಮ್ ಸರಿ ಇದೆ ಎಂದು ಅರ್ಥವಲ್ಲ.

ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ರಾತ್ರಿಯಿಡೀ ಓಡಲಿ. ಒಂದೇ ಒಂದು ತಪ್ಪು ಬಂದರೂ ತಪ್ಪೇ. ಪರವಾಗಿಲ್ಲ, ಒಂದೇ ತಾನೇ ಎನ್ನಬೇಡಿ. ತಪ್ಪು ಬರದಿದ್ದರೆ ಮಾತ್ರ ಪೂರ್ತಿ ನಿರಾಳ ಆಗಬೇಡಿ. ಮೆಮ್‌ಟೆಸ್ಟ್ ಓಡುವಾಗ ಡಿಸ್ಕ್, ಗ್ರಾಫಿಕ್ಸ್ ಸುಮ್ಮನಿರುತ್ತವೆ. ಕಂಪೈಲ್ ಮಾಡುವಾಗ ಎಲ್ಲವೂ ಒಟ್ಟಿಗೆ ಕರೆಂಟ್ ಎಳೆಯುತ್ತವೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಮಾಮೂಲಿಗಿಂತ ವೇಗವಾಗಿ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ ನೋಡಿ. ಎರಡು ರ‍್ಯಾಮ್ ಕಡ್ಡಿ ಇದ್ದರೆ ಒಂದೊಂದಾಗಿ ಹಾಕಿ ಪರೀಕ್ಷಿಸಿ, ಸ್ಲಾಟ್ ಬದಲಿಸಿಯೂ ನೋಡಿ. ತಪ್ಪು ಕಡ್ಡಿಯ ಜೊತೆ ಹೋಗುತ್ತದೋ, ಸ್ಲಾಟ್‌ನಲ್ಲೇ ಉಳಿಯುತ್ತದೋ ಗೊತ್ತಾಗುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಹೊಸನಗರ, ತೀರ್ಥಹಳ್ಳಿಯ ಹೆಂಚಿನ ಮನೆಗಳಲ್ಲಿ ಜುಲೈ ತಿಂಗಳಲ್ಲಿ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ರ‍್ಯಾಮ್ ಕಡ್ಡಿಯ ಕಾಲುಗಳು, ಸ್ಲಾಟ್‌ನ ತುದಿಗಳು ಇದನ್ನು ತಪ್ಪಿಸಿಕೊಳ್ಳುವುದಿಲ್ಲ. ಮೆಮ್‌ಟೆಸ್ಟ್ ತಪ್ಪು ತೋರಿಸಿದ ಕೂಡಲೇ ಹೊಸ ರ‍್ಯಾಮ್ ತರಬೇಡಿ. ಪವರ್ ವೈರ್ ಕಿತ್ತು, ಕಡ್ಡಿ ತೆಗೆದು, ಅದರ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ ಮತ್ತೆ ಕೂರಿಸಿ. ರಬ್ಬರ್ ತಿಕ್ಕುವುದು ನಮ್ಮಲ್ಲಿ ರೂಢಿ. ತಿಕ್ಕಿದರೆ ಮೆತ್ತಗೆ ತಿಕ್ಕಿ, ಪುಡಿ ಸ್ಲಾಟ್‌ಗೆ ಬೀಳದಂತೆ ನೋಡಿಕೊಳ್ಳಿ. ಆಮೇಲೆ ಮತ್ತೆ ಮೆಮ್‌ಟೆಸ್ಟ್. ಎಷ್ಟೋ ಕಡ್ಡಿಗಳು ಇಷ್ಟರಲ್ಲೇ ಸರಿಹೋಗುತ್ತವೆ.

ಭಾರ ಬಿದ್ದಾಗ ಮಾತ್ರ ತೊಂದರೆ ಆದರೆ ಕಂಪ್ಯೂಟರ್‌ಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಮೇಲೆ ಅನುಮಾನ ಇಡಿ. ಅಗ್ಗದ ಕ್ಯಾಬಿನೆಟ್ ಜೊತೆ ಬರುವವು, ವೋಲ್ಟೇಜ್ ಏರುಪೇರಿನಲ್ಲಿ ವರ್ಷಗಟ್ಟಲೆ ಓಡಿದವು ಸೊರಗಿರುತ್ತವೆ. ಗೊತ್ತಿರುವ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಅಂಗಡಿಯಿಂದ ಕೇಳಿ ತಂದು ಹಾಕಿ ನೋಡುವುದೇ ಸುಲಭದ ದಾರಿ. ಹೊಸದು ಕೊಂಡರೂ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದೂ ಹಾಳಾಗುತ್ತದೆ, ಮೊದಲು ಅದನ್ನು ನೋಡಿಸಿ. ಬಿಸಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಈಗಿನ ಪ್ರೊಸೆಸರ್‌ಗಳು ಕಾದಾಗ ತಾವೇ ನಿಧಾನ ಆಗುತ್ತವೆ. ಆದರೂ ಫ್ಯಾನ್ ಸ್ವಚ್ಛ ಮಾಡಿ, ಸೆನ್ಸರ್ಸ್ ಕಮಾಂಡ್‌ನಲ್ಲಿ ಉಷ್ಣತೆ ನೋಡಿ.

ಡಿಸ್ಕ್‌ನ ಆರೋಗ್ಯ ನೋಡಲು ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಇದೆ. ಹಾರ್ಡ್ ಡಿಸ್ಕ್ ಇದ್ದರೆ ಕೆಟ್ಟ ಜಾಗಗಳನ್ನು ಎಣಿಸುವ 5, 197, 198 ಈ ಸಾಲುಗಳ ಕೊನೆಯ ಸಂಖ್ಯೆ ಸೊನ್ನೆ ಇರಬೇಕು. 199 ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮೊದಲು ಸಾಟಾ ಕೇಬಲ್ ಬದಲಿಸಿ.

ಪ್ರೊಸೆಸರ್ರೇ ತಪ್ಪು ಮಾಡಿದಾಗ

ಇದು ಅಪರೂಪ, ಆದರೆ ಆಗಿದೆ. 1994ರಲ್ಲಿ ಇಂಟೆಲ್‌ನ ಪೆಂಟಿಯಂನಲ್ಲಿ 4195835ನ್ನು 3145727ರಿಂದ ಭಾಗಿಸಿದರೆ 1.33382 ಬದಲು 1.33373 ಬರುತ್ತಿತ್ತು. ಪ್ರತಿ ಸಲವೂ ಅದೇ ತಪ್ಪು ಉತ್ತರ. ಬೇರೆ ಮಾದರಿಯ ಪ್ರೊಸೆಸರ್ ಮೇಲೆ ಓಡಿಸಿ ಎಂದು ಮೇಲೆ ಹೇಳಿದ್ದು ಇದಕ್ಕೇ. 2017ರಲ್ಲಿ ಮೊದಲ ಎಎಂಡಿ ರೈಜನ್‌ಗಳು ಲಿನಕ್ಸ್‌ನಲ್ಲಿ ಒಟ್ಟಿಗೆ ತುಂಬ ಕಂಪೈಲ್ ನಡೆಸಿದಾಗ ಸೆಗ್ಮೆಂಟೇಶನ್ ಫಾಲ್ಟ್ ಕೊಡುತ್ತಿದ್ದವು. ಕಂಪನಿ ಒಪ್ಪಿಕೊಂಡು ಚಿಪ್ ಬದಲಿಸಿ ಕೊಟ್ಟಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳ ಸರದಿ. ಗೇಮ್‌ಗಳು ವಿಡಿಯೋ ಮೆಮೊರಿ ಸಾಲದು ಎನ್ನುತ್ತಿದ್ದವು, ಕೆಟ್ಟಿದ್ದು ಪ್ರೊಸೆಸರ್. ಅಂಥ ಚಿಪ್ ಇದ್ದರೆ ಬಯಾಸ್ ಅಪ್‌ಡೇಟ್ ಮಾಡಿಸಿಯೇ ಮುಂದಿನ ಪರೀಕ್ಷೆ ಮಾಡಿ.

ಮೆಟಾ ಕಂಪನಿಯ ಎಂಜಿನಿಯರ್‌ಗಳು 2021ರಲ್ಲಿ ವಿವರಿಸಿದ ಪ್ರಕರಣ ನನಗೆ ಎಲ್ಲಕ್ಕಿಂತ ಅಚ್ಚರಿ. ಒಂದು ಸರ್ವರ್‌ನ ಒಂದೇ ಕೋರ್ 1.1ರ 53ನೇ ಘಾತದ ಪೂರ್ಣಾಂಕ ಭಾಗ 156 ಎನ್ನುವ ಬದಲು 0 ಎನ್ನುತ್ತಿತ್ತು. ಬೇರೆ ಹಲವು ಲೆಕ್ಕಗಳಲ್ಲಿ ಸರಿ. ಯಾವ ಎಚ್ಚರಿಕೆಯೂ ಇಲ್ಲ. ಹೊರಗೆ ಕಂಡದ್ದು ಇಷ್ಟೇ: ಕೆಲವು ಫೈಲ್‌ಗಳ ಗಾತ್ರ ಸೊನ್ನೆ ಎಂದು ಬಂದು ಅವು ಕಾಣೆಯಾಗುತ್ತಿದ್ದವು. ಇಂಥ ಅನುಮಾನ ಬಂದರೆ ಟಾಸ್ಕ್‌ಸೆಟ್ ಕಮಾಂಡ್ ಬಳಸಿ ಒಂದೇ ಲೆಕ್ಕವನ್ನು ಒಂದೊಂದೇ ಕೋರ್ ಮೇಲೆ ಕೂರಿಸಿ ಓಡಿಸಿ, ಉತ್ತರ ಹೋಲಿಸಿ. ಪ್ರೈಮ್95 ಕೂಡ ಒಳ್ಳೆಯದು. ತನ್ನ ಲೆಕ್ಕವನ್ನು ಗೊತ್ತಿರುವ ಉತ್ತರದ ಜೊತೆ ತಾಳೆ ನೋಡಿ, ತಪ್ಪಿದ ಕೋರ್‌ನ ಕೆಲಸ ನಿಲ್ಲಿಸುತ್ತದೆ.

ಭಾಗ ಬದಲಿಸಿದ ಮೇಲೆ

ಕೆಟ್ಟ ರ‍್ಯಾಮ್ ಇದ್ದಷ್ಟು ದಿನ ಆ ಕಂಪ್ಯೂಟರ್ ಬರೆದದ್ದೆಲ್ಲವೂ ಅನುಮಾನದ್ದೇ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಮೇಕ್ ಕ್ಲೀನ್ ಮಾಡಿ, ಸಿಕ್ಯಾಶ್ ಖಾಲಿ ಮಾಡಿ, ಎಲ್ಲವನ್ನೂ ಮೊದಲಿಂದ ಕಂಪೈಲ್ ಮಾಡಿ. ಗಿಟ್ ಬಳಸುತ್ತಿದ್ದರೆ ಗಿಟ್‌ನದ್ದೇ ಎಫ್‌ಎಸ್‌ಸಿಕೆ ಕಮಾಂಡ್ ಓಡಿಸಿ, ಒಳಗೆ ಕೆಟ್ಟ ವಸ್ತು ಇದ್ದರೆ ಹೇಳುತ್ತದೆ. ಉಬುಂಟು ಅಥವಾ ಡೆಬಿಯನ್ ಇದ್ದರೆ ಡೆಬ್‌ಸಮ್ಸ್ ಹಾಕಿ ಸಿಸ್ಟಂ ಫೈಲ್‌ಗಳನ್ನು ತಾಳೆ ನೋಡಿ, ತಪ್ಪಿದ ಪ್ಯಾಕೇಜ್ ಮತ್ತೆ ಇನ್‌ಸ್ಟಾಲ್ ಮಾಡಿ. ಆ ಅವಧಿಯಲ್ಲಿ ಕಾಪಿ ಮಾಡಿದ ಫೋಟೊ, ಪ್ರಾಜೆಕ್ಟ್ ರಿಪೋರ್ಟ್‌ಗಳನ್ನೂ ಒಮ್ಮೆ ತೆರೆದು ನೋಡಿ. ಇವೆಲ್ಲ ಮುಗಿಯುವ ತನಕ ಹಳೆಯ ಬ್ಯಾಕಪ್ ಮೇಲೆ ಹೊಸದನ್ನು ಬರೆಯಬೇಡಿ.